ಅಡಿಕೆ ಆರಿಸುವ ಕಣ್ಣು

ಬಂಟ್ವಾಳದ ಸುತ್ತಮುತ್ತಣ ಯಾವ ಕೃಷಿಕನ ಅಂಗಳಕ್ಕೆ ಹೋಗಿ ನೋಡಿದರೂ, 40–45 ದಿನಗಳ ಬಿಸಿಲನ್ನುಂಡು ಚಾಲಿಯಾದ ಅಡಿಕೆಯನ್ನು ಸುಲಿದು ರಾಶಿ ಹಾಕಿದ ಮೇಲೆ ಮನೆಯ ಹಿರಿಯರು ಅದರ ಮುಂದೆ ಕುಳಿತು, ಒಂದೊಂದನ್ನೂ ಬೆರಳ ತುದಿಯಲ್ಲಿ ಹೊರಳಿಸಿ, ಇದು ಪಟೋರ, ಇದು ಉಳ್ಳಿಗಡ್ಡೆ, ಇದು ಕರಿಗೋಟು ಎಂದು ಕ್ಷಣಾರ್ಧದಲ್ಲಿ ವಿಂಗಡಿಸುವ ದೃಶ್ಯವು ಕಾಣಸಿಗುತ್ತದೆ. ಸಂದೇಹ ಬಂದುದನ್ನು ಸೀಳಿ ಒಳಗನ್ನು ನೋಡದೆ ಅವರು ಬಿಡುವವರಲ್ಲ. ಪರೀಕ್ಷೆಯಲ್ಲಿ ಇಂತಹ ನೈಪುಣ್ಯವುಳ್ಳ ಅದೇ ಹಿರಿಯರು, ಕಾಲೇಜು ಸೇರಿದ ಮಗಳಿಗೆಂದು ಬಿ.ಸಿ. ರೋಡಿಗೆ ಹೋಗಿ ಲ್ಯಾಪ್‌ಟಾಪನ್ನು ಕೊಳ್ಳುವಾಗ ಮಾತ್ರ, ಪೆಟ್ಟಿಗೆಯ ಮೇಲಣ ಚಿತ್ರವನ್ನೂ ಬೆಲೆಯ ಚೀಟಿಯನ್ನೂ ನೋಡಿ, ಅಂಗಡಿಯವರು ಹೇಳಿದ್ದಕ್ಕೆ ತಲೆಯಾಡಿಸಿ, ಹೆಚ್ಚುಕಡಿಮೆ ಅರ್ಧ ಕ್ವಿಂಟಲ್ ಅಡಿಕೆಯ ಹಣವನ್ನು ಎಣಿಸಿ ಕೊಟ್ಟು ಹಿಂದಿರುಗುತ್ತಾರೆ. ವರ್ಷದ ಬೆವರನ್ನು ತೂಗಿ ಮಾರಿದ ಹಣವು ಒಳಗನ್ನು ನೋಡದೆಯೇ ಕೈಬಿಟ್ಟುಹೋಗುವ ಈ ವಿಪರ್ಯಾಸವು ನನ್ನನ್ನು ಬಹುಕಾಲದಿಂದ ಬಾಧಿಸುತ್ತಿದೆ.

ಈ ಮಾತನ್ನು ನಾನು ಪರರ ಅನುಭವದಿಂದ ಹೇಳುತ್ತಿಲ್ಲ. ನಾಲ್ಕು ವರ್ಷಗಳ ಹಿಂದೆ, ಬೆಳ್ತಂಗಡಿ ತಾಲೂಕಿನಲ್ಲಿರುವ ನನ್ನ ತಂಗಿಯ ಮಗಳು ಮೂಡುಬಿದಿರೆಯಲ್ಲಿ ಪದವಿ ವ್ಯಾಸಂಗಕ್ಕೆ ಸೇರಿದಾಗ, ಸೋದರಮಾವನ ಕರ್ತವ್ಯವೆಂದು ಭಾವಿಸಿ 23,000 ರೂಪಾಯಿಗೆ ಒಂದು ಹೊಸ ಲ್ಯಾಪ್‌ಟಾಪನ್ನು ತಂದುಕೊಟ್ಟವನು ನಾನೇ. ತೆಳ್ಳಗಿದ್ದಿತು, ಹೊಳೆಯುತ್ತಿದ್ದಿತು, ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಮೂರನೆಯ ತಿಂಗಳಿನಿಂದ ಅದು ಏಳುವುದಕ್ಕೇ ಹತ್ತು ನಿಮಿಷ ಹಿಡಿಯತೊಡಗಿತು. ಅಪ್‌ಡೇಟ್ ಬಂದಿದೆ ಎನ್ನುವುದು, ಸ್ಥಳವಿಲ್ಲ ಎನ್ನುವುದು, ಅರ್ಧಕ್ಕೆ ನಿಲ್ಲುವುದು, ಪುನಃ ಮೊದಲಿನಿಂದ ಆರಂಭಿಸುವುದು. ಅಸೈನ್‌ಮೆಂಟ್ ಒಪ್ಪಿಸಬೇಕಾದ ರಾತ್ರಿ ಹುಡುಗಿಯು ಫೋನು ಮಾಡಿ ಅಳುದನಿಯಲ್ಲಿ ಕೇಳಿದ್ದು ಒಂದೇ ಮಾತು: “ಮಾವ, ನಾನು ಏನಾದರೂ ತಪ್ಪು ಒತ್ತಿದೆನಾ?”

ಯಂತ್ರದ ದಾರಿದ್ರ್ಯವನ್ನು ಆ ಮಗು ತನ್ನ ಬುದ್ಧಿಯ ದಾರಿದ್ರ್ಯವೆಂದು ಭಾವಿಸಿದ್ದಳು. ಮನೆಯಲ್ಲಿ ಮೊತ್ತಮೊದಲ ಬಾರಿಗೆ ಗಣಕಯಂತ್ರವನ್ನು ಮುಟ್ಟಿದ ಮಕ್ಕಳಿಗೆ, ಬೀಡಿ ಕಟ್ಟಿ ಕೂಡಿಸಿದ ತಾಯಿಯ ದುಡ್ಡಿನಿಂದ ಬಂದ ವಸ್ತುವು ತಮ್ಮ ಕೈಯಲ್ಲಿ ಕೆಟ್ಟಿತು ಎನ್ನುವ ಅಪರಾಧಭಾವವು ಅಂಟಿಕೊಂಡಿತೆಂದರೆ, ಅದು ಅಷ್ಟು ಸುಲಭವಾಗಿ ಬಿಟ್ಟುಹೋಗುವಂಥದಲ್ಲ. ಕಡಿಮೆ ಬೆಲೆಯ ಲ್ಯಾಪ್‌ಟಾಪಿನ ವಿಷಯವು ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡದೇ ಎಂದು ಕೇಳುವವರಿಗೆ ನನ್ನ ಉತ್ತರವು ಆ ರಾತ್ರಿಯ ಪ್ರಶ್ನೆಯೇ ಆಗಿದೆ.

ಆ ಯಂತ್ರದ ಒಳಗಿದ್ದುದೇನು? ಎರಡು ಕೋರಿನ ಸೆಲೆರಾನ್ ಪ್ರೊಸೆಸರು, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ. ವಿಂಡೋಸ್ 11 ನಡೆಯಲು ಅದರ ನಿರ್ಮಾತೃಗಳೇ ವಿಧಿಸಿರುವ ಕನಿಷ್ಠ ಪ್ರಮಾಣವೂ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹವೇ ಆಗಿರುವುದರಿಂದ, ಮಾರಿದವರು ಸುಳ್ಳು ಹೇಳಿದರೆಂದು ದೂರುವಂತಿಲ್ಲ. ಆದರೆ ಕನಿಷ್ಠವೆಂಬುದು ಉಸಿರು ಹಿಡಿದು ನಿಲ್ಲುವುದಕ್ಕೆ ಸಾಕಾಗುವ ಅನ್ನವೇ ಹೊರತು ಹೊಲದಲ್ಲಿ ದುಡಿಯುವುದಕ್ಕೆ ಸಾಕಾಗುವ ಅನ್ನವಲ್ಲ. ವ್ಯವಸ್ಥೆಯು ತನ್ನ ಪಾಲನ್ನು ತೆಗೆದುಕೊಂಡ ಮೇಲೆ ವಿದ್ಯಾರ್ಥಿನಿಯ ಪಾಲಿಗೆ ಉಳಿಯುವುದು ಅತ್ಯಲ್ಪ. ಇದಕ್ಕಿಂತಲೂ ಕ್ರೂರವಾದುದು ಮತ್ತೊಂದಿದೆ. ಆ ರ‍್ಯಾಮೂ ಆ ಸಂಗ್ರಹವೂ ಮದರ್‌ಬೋರ್ಡಿಗೇ ಬೆಸುಗೆಯಾಗಿದ್ದುವು. ಮುಂದೆ ನಾಲ್ಕು ಕಾಸು ಕೈಗೂಡಿದಾಗ ಹೆಚ್ಚಿಸಿಕೊಳ್ಳೋಣವೆಂದರೆ ದಾರಿಯೇ ಇಲ್ಲ. ಅಗ್ಗದ ಯಂತ್ರದಲ್ಲಿ ಕಡಿಮೆ ಇರುವುದು ದೋಷವಲ್ಲ, ಎಂದೆಂದಿಗೂ ಕಡಿಮೆಯಾಗಿಯೇ ಇರುವಂತೆ ಅದನ್ನು ಬಿಗಿದಿರುವುದು ದೋಷ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದುದರಿಂದ ಅಂಗಡಿಯಲ್ಲಿ ಕೇಳತಕ್ಕ ಮೊದಲ ಪ್ರಶ್ನೆ ಪ್ರೊಸೆಸರಿನ ಹೆಸರಲ್ಲ, “ಇದನ್ನು ಬಿಚ್ಚಿ ರ‍್ಯಾಮ್ ಹಾಕಬಹುದೇ, ಸಂಗ್ರಹಕ್ಕೆ ಇರುವುದು ನಿಧಾನದ ಇಎಮ್‌ಎಮ್‌ಸಿಯೋ ಎಸ್‌ಎಸ್‌ಡಿಯೋ?” ಎಂಬುದು. ಎಸ್‌ಎಸ್‌ಡಿ ಇದ್ದು, 8 ಜಿಬಿ ರ‍್ಯಾಮ್ ಇದ್ದು, ಇನ್ನೊಂದು ತುಂಡನ್ನು ಸೇರಿಸಲು ಖಾಲಿ ಸ್ಲಾಟ್ ಇದ್ದರೆ, ಪ್ರೊಸೆಸರು ಸಾಧಾರಣವಾದರೂ ಚಿಂತೆಯಿಲ್ಲ. ಬ್ಯಾಟರಿಯ ವಿಷಯದಲ್ಲಿ ಜಾಹೀರಾತಿನ ಗಂಟೆಗಳನ್ನು ನಂಬದೆ ವ್ಯಾಟ್-ಅವರ್ ಎಷ್ಟೆಂದು ಕೇಳಬೇಕು. 38 ವ್ಯಾಟ್-ಅವರ್ ಎಂದಿದ್ದರೆ, ಓದು ಬರಹದ ಸಾಮಾನ್ಯ ಕೆಲಸಕ್ಕೆ ಗಂಟೆಗೆ 8–10 ವ್ಯಾಟ್-ಅವರ್ ಖರ್ಚಾಗುವುದೆಂದು ಹಿಡಿದರೂ ನಾಲ್ಕು ಗಂಟೆಯ ಆಚೀಚೆಗೆ ಬಂದು ನಿಲ್ಲುತ್ತದೆ. ಇಷ್ಟು ಭಾಗಾಕಾರ ನಮ್ಮಲ್ಲಿ ಯಾರಿಗೆ ಬಾರದು? ಕೊನೆಗೆ ಮುಚ್ಚಳವನ್ನು ಒಂದು ಮೂಲೆಯಿಂದ ಹಿಡಿದು ಹತ್ತು ಸಲ ತೆರೆದು ಮುಚ್ಚಿ ನೋಡಬೇಕು. ಗುರುವಾಯನಕೆರೆಯಿಂದ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ, ಬೆನ್ನಿಗೆ ಹಾಕಿದ ಚೀಲದೊಳಗಿನ ಯಂತ್ರದ ಹಿಂಜು ದಿನಕ್ಕೆ ಎಷ್ಟು ಪೆಟ್ಟು ತಿನ್ನುತ್ತದೆಂಬುದು ವಿವರಿಸದೆ ತಿಳಿದೀತು.

ಈಗ ಡಬ್ಬಲ್ ಚೋಲಿನ, ಅಂದರೆ ದಾಸ್ತಾನಿಟ್ಟ ಹಳೆಯ ಅಡಿಕೆಯ, ಮಾತು. ಅಡಿಕೆಯಲ್ಲಿ ಹೊಸದಕ್ಕಿಂತ ದಾಸ್ತಾನಿಟ್ಟು ಹಳತಾದುದಕ್ಕೆ ಧಾರಣೆ ಹೆಚ್ಚೆಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲವನ್ನು ದಾಟಿಯೂ ಕೆಡದೆ ಉಳಿದ ಕಾಯಿ ತನ್ನ ಗುಣವನ್ನು ತಾನೇ ಸಾಬೀತುಪಡಿಸಿದಂತಾಯಿತೆಂಬುದು ಅದರ ತಾತ್ಪರ್ಯ. ಲ್ಯಾಪ್‌ಟಾಪುಗಳಲ್ಲಿಯೂ ಇಂತಹದೊಂದು ವರ್ಗವಿದೆ. ದೊಡ್ಡ ಕಂಪೆನಿಗಳು ತಮ್ಮ ನೌಕರರಿಗೆಂದು ಕೊಂಡು, ಮೂರು ನಾಲ್ಕು ವರ್ಷ ಬಳಸಿ, ಒಟ್ಟಾಗಿ ವಿಲೇವಾರಿ ಮಾಡಿದ ಯಂತ್ರಗಳು ದುರಸ್ತಿಗೊಂಡು ಪುನಃ ಮಾರಾಟಕ್ಕೆ ಬರುತ್ತವೆ. ಕಚೇರಿಯ ದುಡಿಮೆಗೆಂದೇ ನಿರ್ಮಿತವಾದುವುಗಳಾದ್ದರಿಂದ ಅವುಗಳ ಕೀಲಿಮಣೆಯೂ ಹಿಂಜುಗಳೂ ಗಟ್ಟಿ, ಹೆಚ್ಚಿನವನ್ನು ನಾಲ್ಕು ತಿರುಪು ಬಿಚ್ಚಿ ತೆರೆಯಬಹುದು, ಬಿಡಿಭಾಗಗಳೂ ದೊರೆಯುತ್ತವೆ. ಎರಡನೆಯ ಸಲ ತಂಗಿಯ ಮಗಳಿಗೆ ನಾನು ಕೊಡಿಸಿದ್ದು ಅಂಥದನ್ನೇ. ಬೆಲೆ 21,000, ಹೊಸ ಬ್ಯಾಟರಿಗೆ ಮತ್ತೆ ಎರಡು ಸಾವಿರದಷ್ಟಾಯಿತು. ಮೂರು ವರ್ಷ ಕಳೆದರೂ ಅದು ಓಡುತ್ತಲೇ ಇದೆ.

ಹಳೆಯದನ್ನು ಕೊಳ್ಳುವಾಗ ಎಚ್ಚರ ಬೇಡವೆಂದಲ್ಲ. ವಿಂಡೋಸ್ 10ಕ್ಕೆ ಒದಗುತ್ತಿದ್ದ ಉಚಿತ ಸುರಕ್ಷಾ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರಾದರೆ ಎಂಟನೆಯ ತಲೆಮಾರು ಅಥವಾ ಅದರ ಅನಂತರದ್ದಕ್ಕಷ್ಟೇ ಸಾಮಾನ್ಯವಾಗಿ ವಿಂಡೋಸ್ 11ರ ಅಧಿಕೃತ ಅನುಮತಿಯಿರುವುದರಿಂದ, ಅದಕ್ಕಿಂತ ಹಳೆಯದನ್ನು ‘ಒಳ್ಳೆಯ ಕಂಡೀಷನ್’ ಎಂದು ಮಾರಲು ಬಂದವರಿಗೆ ಈ ಪ್ರಶ್ನೆಯನ್ನು ಹಾಕಲೇಬೇಕು. ಹಾಗೆಂದು ಮನೆಯಲ್ಲಿ ಈಗಾಗಲೇ ಇರುವ ಹಳೆಯ ಯಂತ್ರವನ್ನು ಗುಜರಿಗೆ ಹಾಕುವುದೂ ಬೇಡ. ಲಿನಕ್ಸನ್ನು ಹಾಕಿದರೆ ಅದಕ್ಕೆ ಇನ್ನೂ ಕೆಲವು ವರ್ಷಗಳ ಆಯುಸ್ಸು ಬರುತ್ತದೆ. ಇದು ಯಾವುದೋ ದೂರದ ಪಂಡಿತರ ವಿದ್ಯೆಯಲ್ಲ. ಗಡಿಯಾಚೆಯ ಕಾಸರಗೋಡಿನಲ್ಲಿ, ಕನ್ನಡ ಮಾಧ್ಯಮದವರೂ ಸೇರಿದಂತೆ, ಕೇರಳದ ಸರಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಇಂತಹ ಮುಕ್ತ ತಂತ್ರಾಂಶದಲ್ಲಿಯೇ ಗಣಕವನ್ನು ಕಲಿಯುತ್ತ ಬಂದಿದ್ದಾರೆ. ಅವರಿಗೆ ಸಾಧ್ಯವಾದದ್ದು ನೇತ್ರಾವತಿಯ ದಡದವರಿಗೆ ಅಸಾಧ್ಯವೆಂದು ನಾನು ಒಪ್ಪಲಾರೆ.

ನಗರಗಳಲ್ಲಿ ಕುಳಿತು ಲ್ಯಾಪ್‌ಟಾಪುಗಳ ಗುಣದೋಷಗಳನ್ನು ತೂಗುವವರ ಗಣನೆಗೆ ಬಾರದ ಇಬ್ಬರು ಪರೀಕ್ಷಕರು ನಮ್ಮಲ್ಲಿದ್ದಾರೆ: ಸಿಡಿಲು ಮತ್ತು ಮಳೆ. ತುಳುವಿನ ಪಗ್ಗು, ಬೇಶ ತಿಂಗಳುಗಳ ಸಂಜೆಗಳಲ್ಲಿ ಪಶ್ಚಿಮ ಘಟ್ಟದ ಕಡೆಯಿಂದ ಮೋಡ ಕವಿದು ಗುಡುಗು ತೊಡಗಿತೆಂದರೆ, ಟಿವಿಯ ಪ್ಲಗ್ಗನ್ನು ತೆಗೆಯಲು ಓಡುವ ಮನೆಯವರು ಚಾರ್ಜಿಗಿಟ್ಟ ಲ್ಯಾಪ್‌ಟಾಪನ್ನು ಮರೆಯುವುದುಂಟು. ವೋಲ್ಟೇಜು ಇಳಿಯುವುದಕ್ಕೆ ಹೆದರಬೇಕಾಗಿಲ್ಲ. ಲ್ಯಾಪ್‌ಟಾಪಿನ ಅಡಾಪ್ಟರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಎಲ್ಲವನ್ನೂ ಸಹಿಸುತ್ತವೆ, ಪ್ರತ್ಯೇಕವಾದ ಸ್ಟೆಬಿಲೈಸರಿನ ಅಗತ್ಯವಿಲ್ಲ. ಆದರೆ ಸಿಡಿಲಿನ ಆಘಾತವು ಬೇರೆ. ಅದು ಕರೆಂಟಿನ ತಂತಿಯಲ್ಲಿ ಮಾತ್ರವಲ್ಲದೆ ಇಂಟರ್ನೆಟ್ಟಿನ ತಾಮ್ರದ ತಂತಿಯಲ್ಲಿಯೂ ಬರುತ್ತದೆ. ಎರಡನ್ನೂ ಕಳಚಿಡುವುದೊಂದೇ ಉಪಾಯ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸುವುದು ಲ್ಯಾಪ್‌ಟಾಪು ಕೊಳ್ಳುವುದಕ್ಕಿಂತ ಮುಂಚೆ ಮಾಡತಕ್ಕ ಕೆಲಸ.

ಇನ್ನು ಮಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ, ಪತ್ತನಾಜೆ ಕಳೆದು ಆಟಿ ಮುಗಿಯುವವರೆಗೆ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವುದನ್ನು ಕಂಡಿದ್ದೇವೆ. ಜೋಪಾನ ಮಾಡುವ ಸದ್ಭಾವದಿಂದಲೇ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿಡುವವರಿದ್ದಾರೆ; ಆದರೆ ತೇವವು ಹೊದಿಕೆಯೊಳಗೇ ಸಿಕ್ಕಿಕೊಂಡರೆ ಹಾನಿ ಇಮ್ಮಡಿಯಾಗುತ್ತದೆ. ದಿನಕ್ಕೊಂದಿಷ್ಟು ಹೊತ್ತು ನಡೆಸಿದರೆ ಅದರ ಸ್ವಂತ ಶಾಖವೇ ಅದನ್ನು ಒಣಗಿಸುತ್ತದೆ. ಬಳಸದ ಯಂತ್ರವೇ ಮೊದಲು ಕೆಡುತ್ತದೆ.

ಇದನ್ನು ಹೇಳುವಾಗ ಮೂಡುಬಿದಿರೆಯ ನೆನಪು ಬಾರದೆ ಇರದು. ಜೈನರ ಷಟ್ಖಂಡಾಗಮದ ವ್ಯಾಖ್ಯಾನವಾದ ಧವಲಾ ಗ್ರಂಥವು ಮುದ್ರಣದಲ್ಲಿ ಹೊರಬರತೊಡಗಿದ್ದು 1939ರಲ್ಲಿ. ಅದಕ್ಕೆ ಮುಂಚೆ ಶತಮಾನಗಳ ಪರ್ಯಂತ ಅದು ಉಳಿದು ಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ, ಕನ್ನಡ ಲಿಪಿಯ ತಾಳೆಗರಿಗಳಲ್ಲಿ. ಇದೇ ಮಳೆ, ಇದೇ ತೇವ, ಇದೇ ಗೆದ್ದಲಿನ ನಡುವೆ. ಜೈನ ಸಂಪ್ರದಾಯದಲ್ಲಿ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸಿ, ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಪೂಜಿಸಿ ಒಳಗಿಡುವ ಪದ್ಧತಿಯಿದೆ. ಅದು ಬರುವುದು ಮಳೆಗಾಲದ ಹೊಸ್ತಿಲಲ್ಲಿ. ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಕೈಯಿಲ್ಲದೆ ಯಾವ ಬರಹದ ಸಾಧನವೂ ಈ ನೆಲದಲ್ಲಿ ಬಾಳಲಾರದೆಂದು ಆ ಸಂಪ್ರದಾಯದ ಹಿರಿಯರು ಬಲ್ಲವರಾಗಿದ್ದರು. ನಮ್ಮ ಮಕ್ಕಳ ಲ್ಯಾಪ್‌ಟಾಪುಗಳಿಗೂ ಅಂತಹದೊಂದು ದಿನ ಬೇಕು: ತಳದ ಮುಚ್ಚಳ ತೆಗೆದು, ಫ್ಯಾನಿನ ಧೂಳನ್ನು ಊದಿ, ಇರುವೆ ಸೇರಿದೆಯೇ ನೋಡಿ, ಬರೆದುದನ್ನೆಲ್ಲ ಬೇರೊಂದೆಡೆ ನಕಲಿಟ್ಟುಕೊಳ್ಳುವ ದಿನ. ಮುಚ್ಚಳವನ್ನೇ ತೆಗೆಯಲಾಗದ ಯಂತ್ರವನ್ನು ಕೊಳ್ಳಬೇಡಿರೆಂದು ನಾನು ಪದೇಪದೇ ಹೇಳುವುದಕ್ಕೆ ಇದೂ ಒಂದು ಕಾರಣ.

ಕನ್ನಡದ ವಿಚಾರವನ್ನೂ ಬಿಡುವಂತಿಲ್ಲ. ಇಂದು ನಾವು ಬೆರಳಚ್ಚಿಸುವ ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾಯರು ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ನಮ್ಮ ಜಿಲ್ಲೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನಿಟ್ಟವರು. ಹೀಗಿದ್ದೂ ನಮ್ಮ ಪೇಟೆಗಳಲ್ಲಿ ಮಾರಾಟವಾಗುವ ಲ್ಯಾಪ್‌ಟಾಪಿನ ಗುಂಡಿಗಳ ಮೇಲೆ ಒಂದೇ ಒಂದು ಕನ್ನಡದ ಅಕ್ಷರವನ್ನು ನಾನು ಕಂಡಿಲ್ಲ. ಯೂನಿಕೋಡ್ ಬಂದ ಮೇಲೆ ಕನ್ನಡವು ಎಲ್ಲ ಯಂತ್ರಗಳಲ್ಲಿಯೂ ಮೂಡುತ್ತದೆಂಬುದು ಸತ್ಯ. ಆದರೂ ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಕನ್ನಡ ಕೀಲಿಮಣೆಯನ್ನು ಅಳವಡಿಸಿಕೊಡುವಂತೆ ಕೇಳಿ, ಮಗಳ ಹೆಸರನ್ನು ಒತ್ತಕ್ಷರ ಸಮೇತ ಬರೆಯಿಸಿ ನೋಡಿರಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಅಂಗಡಿಯವರು ತಾವಾಗಿಯೇ ಮಾಡಿಕೊಟ್ಟಾರು.

ಇಷ್ಟೆಲ್ಲ ಪರೀಕ್ಷೆಯನ್ನು ಪ್ರತಿಯೊಬ್ಬ ತಂದೆತಾಯಿಯೂ ಕಲಿತುಕೊಳ್ಳಲಿ ಎಂದರೆ ಅನ್ಯಾಯವಾದೀತು. ಅಡಿಕೆಯನ್ನು ತಾನೊಬ್ಬನೇ ಮಾರಲಾರದ ಕೃಷಿಕನಿಗಾಗಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು; ಅದಕ್ಕೂ ಬಹಳ ಹಿಂದೆ ಮೊಳಹಳ್ಳಿ ಶಿವರಾಯರು ಈ ಜಿಲ್ಲೆಯಲ್ಲಿ ಸಹಕಾರದ ಬೀಜವನ್ನು ಬಿತ್ತಿದ್ದರು. ನಮ್ಮ ಸೇವಾ ಸಹಕಾರಿ ಸಂಘಗಳು ಗೊಬ್ಬರವನ್ನು ಪರೀಕ್ಷಿಸಿ ತರಿಸಬಲ್ಲುವಾದರೆ, ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಸದಸ್ಯರ ಮಕ್ಕಳಿಗಾಗಿ ಬಿಚ್ಚಿ ಜೋಡಿಸಬಹುದಾದ ಐವತ್ತು ಲ್ಯಾಪ್‌ಟಾಪುಗಳನ್ನು ಒಟ್ಟಿಗೆ ತರಿಸಿ, ರಿಪೇರಿ ಬಲ್ಲ ಸ್ಥಳೀಯ ಯುವಕನೊಬ್ಬನಿಗೆ ಅವುಗಳ ಉಸ್ತುವಾರಿಯನ್ನು ವಹಿಸುವುದು ಅಸಾಧ್ಯವೇ? ಸಾಲವನ್ನು ಹೇಗೂ ಅಲ್ಲಿಂದಲೇ ಎತ್ತುತ್ತೇವೆ. ನಾನು ಸದಸ್ಯನಾಗಿರುವ ಸಂಘದ ಮಹಾಸಭೆಯು ಸೆಪ್ಟೆಂಬರಿನಲ್ಲಿ ನಡೆಯಲಿದ್ದು, ಈ ಸೂಚನೆಯನ್ನು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಅದನ್ನು ಬೆರಳಚ್ಚು ಮಾಡಿಕೊಟ್ಟವಳು ನನ್ನ ತಂಗಿಯ ಮಗಳು, ಆ 21,000 ರೂಪಾಯಿಯ ಯಂತ್ರದಲ್ಲಿ, ಕನ್ನಡದಲ್ಲಿ.