ಮೊದಲು ಕಕ್ಕಸು, ಆಮೇಲೆ ಉಪದೇಶ

ಚೆನ್ನಾಗಿ ನೀರು ಕುಡಿಯಿರಿ, ದಿನಕ್ಕೆ ಎರಡು ಸಲ ಹಲ್ಲುಜ್ಜಿ ಎಂದು ಆಸ್ಪತ್ರೆಯ ಗೋಡೆಯಲ್ಲಿ ಬರೆದಿರುತ್ತದೆ. ಅದನ್ನು ಓದಿ ಬಂದ ಹೆಂಗಸು ಮರುದಿನ ಅಡಿಕೆ ಸುಲಿಯಲು ಹೋಗುತ್ತಾಳೆ. ಕತ್ತಿಯ ಮುಂದೆ ಕೂತವಳು ಮಧ್ಯಾಹ್ನದ ತನಕ ಒಂದು ಗುಟುಕು ನೀರು ಕುಡಿಯುವುದಿಲ್ಲ. ಅವಳಿಗೆ ತಿಳಿವಳಿಕೆ ಸಾಲದು ಅಂತೀರಾ? ಕುಡಿದರೆ ಒಂದಕ್ಕೆ ಹೋಗಬೇಕು, ಹೋಗಲು ಜಾಗವಿಲ್ಲ ಎಂಬುದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದಿದೆ.

ಲಿಂಗದಹಳ್ಳಿ ಹೋಬಳಿಯವರು ನಾವು ನೀರು ಕಾಣದವರಲ್ಲ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿಯಲ್ಲಿದ್ದೇವೆ. ಮೇಲೆ ಕಲ್ಹತ್ತಿಗಿರಿಯಲ್ಲಿ ವೀರಭದ್ರನ ಗುಡಿಯ ಪಕ್ಕದಲ್ಲೇ ಜಲಪಾತ, ಇದೇ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು. ಬೋರು ಕೊರೆಸಿ ಕೊರೆಸಿ ಸೋತ ಕಡೂರಿನ ಬಯಲಿನವರ ಮುಂದೆ ನೀರಿನ ಕಷ್ಟ ಹೇಳಿಕೊಳ್ಳಲು ನಮಗೆ ನಾಚಿಕೆಯಾಗಬೇಕು. ತೋಟಕ್ಕೆ ಡ್ರಿಪ್ ಎಳೆಸಿ ಪ್ರತಿ ಮರದ ಬುಡಕ್ಕೂ ಲೆಕ್ಕ ಹಾಕಿ ನೀರು ಕೊಡುತ್ತೇವೆ. ಆ ಮರದ ಫಸಲು ಸುಲಿಯುವವಳ ಗಂಟಲಿಗೆ ಬೆಳಗಿನಿಂದ ಎಷ್ಟು ಇಳಿಯಿತು ಎಂದು ಯಾರು ಕೇಳಿದ್ದೇವೆ?

ಸುಲಿದದ್ದಕ್ಕೆ ಕೂಲಿ ಕೆಜಿ ಲೆಕ್ಕದಲ್ಲಿ. ಎದ್ದು ಹೋದಷ್ಟು ಹೊತ್ತು ಅವಳದೇ ನಷ್ಟ. ಅಡಿಕೆ ಸುಲಿಯುವ ಚಪ್ಪರದಿಂದ ಹತ್ತು ಹೆಜ್ಜೆಗೆ ಯಜಮಾನರ ಮನೆ, ಮನೆಯ ಹಿಂದೆ ಟೈಲ್ಸ್ ಹಾಕಿದ ಕಕ್ಕಸು. ಅದು ನಮ್ಮದು, ನೀವು ತೋಟದ ಕಡೆ ಹೋಗಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಕೆಲವು ಮನೆಗಳಲ್ಲಿ ನೀರಿನ ಲೋಟವೂ ಬೇರೆ ಇರುತ್ತದೆ, ಅದನ್ನೂ ಯಾರೂ ಹೇಳುವುದಿಲ್ಲ. ತೋಟದಲ್ಲೋ, ಕೊಯ್ಲಿನ ಕಾಲಕ್ಕೆ ಎಲ್ಲ ಕಡೆ ಗಂಡಾಳುಗಳು. ಹಾಗಾಗಿ ಅವಳು ಬಾಯಾರಿಕೆಯನ್ನು ಕಟ್ಟಿಹಾಕುತ್ತಾಳೆ. ಹೇಗೆ? ದವಡೆಗೆ ಎಲೆ ಅಡಿಕೆ, ಜೊತೆಗೆ ಒಂದಿಷ್ಟು ಹೊಗೆಸೊಪ್ಪು. ನಡುವೆ ಅರ್ಧ ಲೋಟ ಟೀ, ಸಕ್ಕರೆ ಜಾಸ್ತಿ.

ಆ ಬಾಯೊಳಗೆ ಏನಾಗುತ್ತದೆ ನೋಡಿ. ಹಲ್ಲನ್ನು ಹಗಲಿಡೀ ಕಾಯುವುದು ಬ್ರಷ್ ಅಲ್ಲ, ಜೊಲ್ಲು. ಆರೋಗ್ಯವಾಗಿರುವವರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಊರುತ್ತದೆ. ಸಕ್ಕರೆ ಸಿಕ್ಕ ಬ್ಯಾಕ್ಟೀರಿಯಾಗಳು ಆಮ್ಲ ಬಿಡುತ್ತವೆ, ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ತಂದು ತೇಪೆ ಹಾಕುತ್ತದೆ. ಇದಕ್ಕೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಮೈಯಲ್ಲಿ ನೀರು ಕಮ್ಮಿಯಾದರೆ ಜೊಲ್ಲೂ ಕಮ್ಮಿ. ತೇಪೆ ಮುಗಿಯುವ ಮೊದಲೇ ಮತ್ತೊಂದು ಟೀ ಬರುತ್ತದೆ. ಹೀಗೆ ವರ್ಷಗಳು ಕಳೆದ ಮೇಲೆ ದವಡೆ ಹಲ್ಲು ಕೀಳಿಸಿಕೊಂಡು ಬಂದವಳಿಗೆ ನಾವು ಕೊಡುವ ಬಿರುದು: ‘ಹಲ್ಲು ಉಜ್ಜೋಕೂ ಸೋಮಾರಿ.’ ನೀರು ಕುಡಿಯದೆ, ಒಂದಕ್ಕೆ ತಡೆದುಕೊಂಡು ಬರುವ ಉರಿಮೂತ್ರದ ಮಾತನ್ನಂತೂ ಅವಳು ಯಾರೊಂದಿಗೂ ಆಡುವುದಿಲ್ಲ.

ಎಲೆ ಅಡಿಕೆಯ ಮಾತು ಬಂತು. ಅಡಿಕೆಯಲ್ಲೇ ಉಣ್ಣುವ ಸೀಮೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿದೆ. ಸುದ್ದಿ ಬಂದಾಗಲೆಲ್ಲ ನಾವು ರೇಟಿನ ಬಗ್ಗೆ ಗಾಬರಿಯಾಗುತ್ತೇವೆ. ರೇಟಿನ ಆ ವಾದ ಮಂಡಿಯಲ್ಲಿ, ವಿಧಾನಸೌಧದಲ್ಲಿ ನಡೆಯಲಿ. ನೀರಿಗೆ ಬದಲಾಗಿ ದಿನವಿಡೀ ಅಗಿಯುವವಳನ್ನು ಕಣ್ಣೆದುರೇ ಇಟ್ಟುಕೊಂಡು ಮಾತ್ರ ಸುಮ್ಮನಿರಬೇಡಿ.

ಶಾಲೆಯ ಕಡೆಯೂ ಒಮ್ಮೆ ತಿರುಗಿ ನೋಡಿ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಕ್ರಮ ಶುರುವಾಯಿತು, ‘ವಾಟರ್ ಬೆಲ್’ ಎಂದು ನಮ್ಮ ರಾಜ್ಯಕ್ಕೂ ಬಂತು. ಒಳ್ಳೆಯದೇ. ಆದರೆ ಕಕ್ಕಸಿಗೆ ಬೀಗ ಬಿದ್ದ ಶಾಲೆಯಲ್ಲಿ, ಒಳಗೆ ಬಕೆಟ್ಟಿಗೆ ನೀರಿಲ್ಲದ ಶಾಲೆಯಲ್ಲಿ, ಏಳನೇ ಕ್ಲಾಸಿನ ಹುಡುಗಿ ಆ ಗಂಟೆ ಕೇಳಿ ಬಾಟಲಿಯನ್ನು ತುಟಿಗೆ ಮುಟ್ಟಿಸಿ ಹಾಗೇ ಕೆಳಗಿಡುತ್ತಾಳೆ. ಹುಡುಗರು ಗೇಟಿನಾಚೆಯ ಅಂಗಡಿಯಲ್ಲಿ ಬಣ್ಣದ ಬಾಟಲಿ ಕೊಳ್ಳುತ್ತಾರೆ. ಕೋಲಾದ 200 ಮಿಲಿ ಬಾಟಲಿಯಲ್ಲಿ ಸುಮಾರು 20 ಗ್ರಾಂ ಸಕ್ಕರೆ, ಅದರ ಮೇಲೆ ಆಮ್ಲ ಬೇರೆ. ದೊಡ್ಡವರಿಗೇ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಗಡಿಯವರೇ, ಮಕ್ಕಳಿಗೆ ಕಾಣುವ ಜಾಗದಿಂದ ಆ ಬಾಟಲಿಗಳನ್ನು ತೆಗೆದು ಬಾಗಿಲಲ್ಲಿ ಒಂದು ಮಡಕೆ ನೀರಿಡಿ. ನಿಮ್ಮ ಮಕ್ಕಳೂ ಅಲ್ಲೇ ಓದುವುದಲ್ಲವೇ?

ಬೋರಿನ ನೀರು ಕುಡಿಯುವ ಊರುಗಳಿಗೆ ಇನ್ನೊಂದು ಮಾತು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ, ಎಂಟು ವರ್ಷದೊಳಗೆ, ಕುಡಿದ ಮಗುವಿನ ಹಲ್ಲಿನ ಮೇಲೆ ಕಂದು ಮಚ್ಚೆ ಕಾಣಿಸಿಕೊಳ್ಳಬಹುದು, ಅದು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಲ್ಲಿಯೂ ಬೈಗುಳ ಮಗುವಿಗೇ. ಜಲಜೀವನ ಮಿಷನ್ನಿನಲ್ಲಿ ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ನಿಮ್ಮೂರಿನ ಐವರು ಯಾರು, ಕಿಟ್ ಎಲ್ಲಿದೆ ಎಂದು ಪಂಚಾಯ್ತಿಯಲ್ಲಿ ಕೇಳಿ. ಉತ್ತರ ಸಿಗುವ ತನಕ ಕೇಳಿ.

ತೋಟದ ಯಜಮಾನರೇ, ಫಸಲನ್ನು ಖೇಣಿಗೆ (ಗುತ್ತಿಗೆಗೆ) ಹಿಡಿದವರೇ, ಕಾಫಿ ಎಸ್ಟೇಟಿನವರೇ, ಕೆಲಸದವರಿಗೆ ಕುಡಿಯುವ ನೀರು, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಕಕ್ಕಸು ಇರಬೇಕೆಂದು ಎಸ್ಟೇಟುಗಳಿಗೆ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ಅಡಿಕೆ ತೋಟ ಅದರೊಳಗೆ ಬರಲಿಲ್ಲ, ನಿಜ. ಕಾನೂನು ಕೇಳದಿದ್ದರೆ ನಾವೂ ಕೇಳಿಕೊಳ್ಳಬಾರದೆ? ಒಂದು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡಿಗೆ ಸಾದಾ ಕಕ್ಕಸೊಂದು ಎದ್ದು ನಿಲ್ಲುತ್ತದೆ. ಈಗಾಗಲೇ ಇದ್ದವರು ಬಾಗಿಲು ತೆಗೆದರೆ ಸಾಕು.

ಬಾಗಿಲು ತೆಗೆದದ್ದು ಸುಲಿಯುವವರಿಗೆ ತಿಳಿಯಬೇಕು. ಗಂಡಸರ ಹತ್ತಿರ ಅವರು ಕೇಳುವುದಿಲ್ಲ. ಅದಕ್ಕೆ ಈ ಸಲ ಕೊಯ್ಲಿನ ಮೊದಲ ದಿನ, ಕೂಲಿಯ ಮಾತು ಮುಗಿದ ಕೂಡಲೇ, ಮನೆಯ ಹೆಂಗಸರೇ ಚಪ್ಪರಕ್ಕೆ ಬಂದು ಕೊಡ, ಲೋಟ ಇಟ್ಟು ಹೇಳಲಿ: ‘ಅಕ್ಕ, ಕಕ್ಕಸು ಅಲ್ಲೇ ಹಿತ್ತಲಲ್ಲಿದೆ, ಒಳಗೆ ಚಿಲಕ ಇದೆ, ನೀರೂ ತುಂಬಿಸಿದೀನಿ. ಬೇಕಾದಷ್ಟು ಕುಡೀರಿ.’