ವರದಿಯೇ ತೀರ್ಪಲ್ಲ

ಕಳೆದ ತಿಂಗಳು ಒಂದು ಭಾನುವಾರದ ಸಂಜೆ, ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೆಂಪು ಶಾಯಿಯ ಲೇಖನಿ ಹಿಡಿದು ಕುಳಿತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ಬಂದು ನಿಂತ. ಈಗ ಆತ ಬ್ಯಾಂಕೊಂದರಲ್ಲಿ ನೌಕರ. ಮದುವೆಯಾಗಿ ಎರಡು ವರ್ಷ. ನನ್ನಾಕೆ ತಂದಿಟ್ಟ ಕಾಫಿ ಆರುವವರೆಗೂ ಅದೂ ಇದೂ ಮಾತನಾಡಿ, ಕೊನೆಗೆ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ.

"ಸಾರ್, ಇದನ್ನು ಓದಿ ಅರ್ಥ ಹೇಳಬೇಕು."

"ಇದು ಹಳಗನ್ನಡವಲ್ಲವಲ್ಲಪ್ಪಾ!" ಎಂದು ನಗಲು ಹೊರಟವನು, ಆತನ ಮುಖ ಕಂಡು ಸುಮ್ಮನಾದೆ.

ಅದು ಆತನ ಹೆಂಡತಿಯ ರಕ್ತಪರೀಕ್ಷೆಯ ವರದಿ. ಎರಡು ತಿಂಗಳ ಗರ್ಭ ನಿಲ್ಲದೆ ಹೋದುದರಿಂದ, ಕಾರಣ ತಿಳಿಯಲೆಂದು 'ಟಾರ್ಚ್' ಎಂಬ ಪರೀಕ್ಷೆಯನ್ನು ಮಾಡಿಸಿದ್ದರಂತೆ. ಟಾರ್ಚ್ ಎಂದರೆ ಕತ್ತಲಲ್ಲಿ ದಾರಿ ತೋರುವ ಕೈದೀಪವೆಂದಷ್ಟೇ ನಾನು ಬಲ್ಲೆ. ಈ ಟಾರ್ಚ್ ಒಂದು ಸಂಸಾರವನ್ನೇ ಕತ್ತಲೆಗೆ ನೂಕಿತ್ತು. ವರದಿಯ ಒಂದು ಸಾಲಿನಲ್ಲಿ 'ಹರ್ಪಿಸ್ ಸಿಂಪ್ಲೆಕ್ಸ್ 1 ಮತ್ತು 2, ಐಜಿಎಂ' ಎಂದೂ, ಅದರ ಮುಂದೆ 1.3 ಎಂಬ ಅಂಕಿಯೂ, 'ಪಾಸಿಟಿವ್' ಎಂಬ ದಪ್ಪಕ್ಷರದ ಪದವೂ ಇದ್ದವು. ಅದು ದೇಹಸಂಪರ್ಕದಿಂದ ಹರಡುವ ರೋಗವೆಂದು ಯಾರೋ ಹೇಳಿದರು. ಮಾತು ತಾಯಿಯ ಕಿವಿಗೂ ಬಿತ್ತು. ಮೂರು ದಿನ ಮನೆಯಲ್ಲಿ ಮೌನ. ನಾಲ್ಕನೆಯ ದಿನ ಆ ಹುಡುಗಿ ತವರಿಗೆ ಹೊರಟುಹೋದಳು.

"ಆಕೆಯನ್ನು ನಾನು ಏನೂ ಕೇಳಲಿಲ್ಲ ಸಾರ್," ಎಂದ ಆತ.

ಬಾಯಿ ಬಿಟ್ಟು ಕೇಳದೆಯೂ ಕೇಳುವ ಬಗೆಯೊಂದುಂಟು. ಅದನ್ನು ಹೆಂಗಸರು ಬೇಗ ಅರಿಯುತ್ತಾರೆ ಎಂದುಕೊಂಡೆ. ಆತನನ್ನು ಎಬ್ಬಿಸಿಕೊಂಡು ನಮ್ಮ ಬೀದಿಯ ಕೊನೆಯಲ್ಲಿರುವ ವೈದ್ಯರ ಮನೆಗೆ ನಡೆದೆ. ಬಹುಕಾಲ ವೈದ್ಯವಿದ್ಯೆಯನ್ನು ಬೋಧಿಸಿ ನಿವೃತ್ತರಾದ ಹಿರಿಯರು ಅವರು. ಅಲ್ಲಿ ಕೇಳಿದುದನ್ನು ಆತನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇಂಥ ಕಾಗದ ನಾಳೆ ಯಾರ ಮನೆಗೂ ಬಂದೀತು.

ಮೊದಲು ಹೆಸರಿನ ವಿಚಾರ. 'ಹರ್ಪಿಸ್' ಎಂಬುದು ತೆವಳುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದುದು; ನಮ್ಮ 'ಸರ್ಪ' ಶಬ್ದವೂ ಅದೇ ಮೂಲದ ಬಂಧು. ನಮ್ಮವರು 'ಸರ್ಪಸುತ್ತು' ಎನ್ನುವುದು ಹರ್ಪಿಸ್ ಜೋಸ್ಟರ್. ಅದು ಬೇರೆಯೇ ವೈರಾಣುವಿನ ಕೆಲಸ. ಈ ವರದಿಯ 'ಸಿಂಪ್ಲೆಕ್ಸ್' ಅದರ ದಾಯಾದಿ. ಇದರಲ್ಲಿ ಎರಡು ಬಗೆ. ಮೊದಲನೆಯದು ಜ್ವರದ ಬೆನ್ನಿಗೆ ತುಟಿಯಂಚಿನಲ್ಲಿ ನೀರುಗುಳ್ಳೆ ಏಳಿಸುವಂಥದು; ಬಹುಪಾಲು ಮಂದಿಗೆ ಎಳೆತನದಲ್ಲೇ ಹಿರಿಯರ ಮುತ್ತಿನಿಂದ, ಎಂಜಲಿನಿಂದ ಅಂಟಿರುತ್ತದೆ. 2020ರ ಲೆಕ್ಕದಂತೆ ಜಗತ್ತಿನಲ್ಲಿ 50 ವರ್ಷದೊಳಗಿನವರ ಪೈಕಿ ಸುಮಾರು 380 ಕೋಟಿ ಜನರಲ್ಲಿ, ಎಂದರೆ ನೂರಕ್ಕೆ 64 ಮಂದಿಯಲ್ಲಿ, ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಎರಡನೆಯ ಬಗೆ ಮುಖ್ಯವಾಗಿ ದಾಂಪತ್ಯಸಂಬಂಧವಾದ ಸಂಪರ್ಕದಿಂದ ಹರಡುವಂಥದು.

"ಈ ವರದಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿದೆ," ಎಂದರು ವೈದ್ಯರು. "ಒಳಗಿರುವುದು ಯಾವುದೆಂದು ಅದೇ ಹೇಳಲಾರದು. ನೀನು ಹೇಗೆ ತೀರ್ಮಾನಿಸಿದೆಯಪ್ಪಾ?"

ಹುಡುಗ ತಲೆ ತಗ್ಗಿಸಿದ.

ಎರಡನೆಯದಾಗಿ, ಈ ಪರೀಕ್ಷೆ ವೈರಾಣುವನ್ನು ಕಾಣುವುದಿಲ್ಲ. ಅದನ್ನು ಎದುರಿಸಲು ದೇಹ ಹುಟ್ಟಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಐಜಿಎಂ ಎಂಬ ಪ್ರತಿಕಾಯ ಹೊಸ ಸೋಂಕಿನ ಗುರುತೆಂದು ಪ್ರತೀತಿ. ಆದರೆ ಹರ್ಪಿಸ್ ವಿಷಯದಲ್ಲಿ ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಕಾಣಿಸಿಕೊಂಡೀತು; ಅದರಿಂದ ಬಗೆಯನ್ನೂ ನಂಬಿಕೆಯಿಂದ ಬೇರ್ಪಡಿಸಲಾಗದು. ಅಮೆರಿಕದ ರೋಗನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿ ಈ ಐಜಿಎಂ ಪರೀಕ್ಷೆಯೇ ಬೇಡವೆನ್ನುತ್ತದೆ. ಬೇಕಾದುದು ಐಜಿಜಿ ಪರೀಕ್ಷೆ. ಅದರಲ್ಲಿಯೂ ವೈರಾಣುವಿನ 'ಗ್ಲೈಕೊಪ್ರೋಟೀನ್ ಜಿ' ಎಂಬ ಅಂಶವನ್ನು ಆಧರಿಸಿ ಎರಡು ಬಗೆಗಳನ್ನು ಬೇರೆ ಬೇರೆಯಾಗಿ ತಿಳಿಸುವಂಥದು.

ಅದೂ ತಪ್ಪದೆ? ತಪ್ಪುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪರೀಕ್ಷೆಯಲ್ಲಿ 0.9ಕ್ಕಿಂತ ಕಡಮೆಯಾದರೆ ಇಲ್ಲವೆಂದೂ, 1.1ಕ್ಕೆ ಮೀರಿದರೆ ಇದೆಯೆಂದೂ, ನಡುವಣದು ಸಂದೇಹವೆಂದೂ ಗುರುತು ಹಾಕುತ್ತಾರೆ. ಆದರೆ ಎರಡನೆಯ ಬಗೆಯ ಮಟ್ಟಿಗೆ 3ರ ಒಳಗಿನ 'ಪಾಸಿಟಿವ್' ದುರ್ಬಲ ಸಾಕ್ಷಿ. ಅದನ್ನು ಬೇರೊಂದು ವಿಧಾನದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕೆಂದು ಅದೇ ಮಾರ್ಗಸೂಚಿ ವಿಧಿಸುತ್ತದೆ. ಒಂದೇ ತಕ್ಕಡಿಯಲ್ಲಿ ಎರಡು ಸಲ ತೂಗಿದರೆ ತಕ್ಕಡಿಯ ದೋಷ ತಿಳಿಯುವುದೆಂತು?

ವೈದ್ಯರು ಕಾಗದದ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದರು. ಸಾವಿರ ಮಂದಿಯಲ್ಲಿ 20 ಮಂದಿಗೆ ಸೋಂಕಿದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಪರೀಕ್ಷೆ ಆ 20 ಮಂದಿಯನ್ನೂ ಸರಿಯಾಗಿ ಹಿಡಿಯಿತು. ಸೋಂಕಿಲ್ಲದ 980 ಮಂದಿಯಲ್ಲಿ ನೂರಕ್ಕೆ 5ರಂತೆ ಮಾತ್ರ ತಪ್ಪಿತು. ಅದು 49 ಆಯಿತು. ಒಟ್ಟು 69 'ಪಾಸಿಟಿವ್'ಗಳಲ್ಲಿ 49 ಹುಸಿ! ರೋಗಲಕ್ಷಣವೇ ಇಲ್ಲದವರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ಆಗುವ ಅನಾಹುತ ಇದು. ಅಂಥವರಿಗೆ ಈ ರಕ್ತಪರೀಕ್ಷೆಯನ್ನು ವಾಡಿಕೆಯಾಗಿ ಮಾಡಬಾರದೆಂದು ಅಮೆರಿಕದ ತಜ್ಞಮಂಡಲಿಯೊಂದು 2016ರಲ್ಲಿ ಹೇಳಿ, 2023ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಗರ್ಭ ಮೇಲಿಂದ ಮೇಲೆ ನಿಲ್ಲದೆ ಹೋದವರಲ್ಲಿ ಕಾರಣ ಹುಡುಕಲು ಟಾರ್ಚ್ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡುವ ಪದ್ಧತಿಯನ್ನೇ ಕೈಬಿಡಬೇಕೆಂದು ಇಂಗ್ಲೆಂಡಿನ ಪ್ರಸೂತಿತಜ್ಞರ ರಾಯಲ್ ಕಾಲೇಜು 2011ರಲ್ಲಿ ತಿಳಿಸಿತ್ತು.

ಹಾಗಾದರೆ ಸಂದೇಹವನ್ನು ಬಗೆಹರಿಸುವ ಪರೀಕ್ಷೆ ಯಾವುದು? 'ವೆಸ್ಟರ್ನ್ ಬ್ಲಾಟ್' ಎಂಬುದು ಹರ್ಪಿಸ್‌ನ ರಕ್ತಪರೀಕ್ಷೆಗಳಿಗೆಲ್ಲ ಒರೆಗಲ್ಲು. ವೈರಾಣುವಿನ ಪ್ರೋಟೀನುಗಳನ್ನು ಗಾತ್ರಕ್ಕನುಸಾರವಾಗಿ ಬೇರ್ಪಡಿಸಿ, ತೆಳುವಾದ ಹಾಳೆಯೊಂದಕ್ಕೆ ಇಳಿಸಿ, ರೋಗಿಯ ರಕ್ತದ ಪ್ರತಿಕಾಯಗಳು ಯಾವ ಯಾವ ಪಟ್ಟಿಗೆ ಅಂಟುತ್ತವೆಂದು ನೋಡುತ್ತಾರೆ. ಒಂದೇ ಅಂಕಿಯನ್ನು ನಂಬದೆ ಇಡೀ ವಿನ್ಯಾಸವನ್ನು ಓದುವ ಕ್ರಮ ಇದು. ಹರ್ಪಿಸ್‌ಗಾಗಿ ಇದನ್ನು ನಡೆಸಿ ಹೆಸರಾಗಿದ್ದುದು ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಶಾಲೆ. ನಮಗೆ ಅದು ದೂರದ ಮಾತು. ಆದರೆ ತತ್ತ್ವ ದೂರದ್ದಲ್ಲ: ಬಗೆಯನ್ನು ಬೇರ್ಪಡಿಸುವ ಪರೀಕ್ಷೆ, ಬೇರೆ ವಿಧಾನದಿಂದ ಅದರ ದೃಢೀಕರಣ, ತಿಳಿದ ವೈದ್ಯರ ಸಲಹೆ. ಸೋಂಕು ಇತ್ತೀಚಿನದೆಂಬ ಅನುಮಾನವಿದ್ದರೆ ಪ್ರತಿಕಾಯಗಳು ಮೂಡಲು 12 ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಗುಳ್ಳೆಯೋ ಹುಣ್ಣೋ ಎದ್ದಿದ್ದರೆ ರಕ್ತಕ್ಕಿಂತಲೂ ಅದರ ದ್ರವವೇ ಉತ್ತಮ ಸಾಕ್ಷಿ. ಗುಳ್ಳೆ ಹಸಿಯಾಗಿರುವಾಗಲೇ ಅದನ್ನು ತೆಗೆಸಿ ಪಿಸಿಆರ್ ಪರೀಕ್ಷೆ ಮಾಡಿಸಬೇಕು.

ಇದನ್ನೆಲ್ಲ ಕೇಳಿ ರೋಗವೇ ಸುಳ್ಳೆಂದು ಯಾರೂ ಭಾವಿಸಬಾರದು. ತುಂಬುಗರ್ಭಿಣಿಗೆ ಹೆರಿಗೆಯ ಹೊತ್ತಿಗೆ ಮೊದಲ ಬಾರಿ ಸೋಂಕು ತಗುಲಿದರೆ ಕೂಸಿಗೆ ನಿಜವಾದ ಅಪಾಯವುಂಟು. ಗುಳ್ಳೆ ಕಂಡರೆ ಸಂಕೋಚಪಡದೆ ವೈದ್ಯರಿಗೆ ಹೇಳಲೇಬೇಕು. ವೈರಾಣು ನರಗಳ ಗಂಟಿನಲ್ಲಿ ಅಡಗಿ ಉಳಿಯುವುದರಿಂದ ಅದನ್ನು ಬೇರುಸಹಿತ ಕೀಳಲಾಗದಿದ್ದರೂ, ಹತೋಟಿಯಲ್ಲಿಡಲು ಅಸೈಕ್ಲೊವಿರ್‌ನಂಥ ಔಷಧಗಳಿವೆ.

ಏಳುವ ಮುನ್ನ ಹುಡುಗ ಅಳುಕುತ್ತ ಕೇಳಿದ: "ಡಾಕ್ಟ್ರೇ, ಎರಡನೆಯ ಪರೀಕ್ಷೆಯಲ್ಲಿಯೂ ಇದೆಯೆಂದೇ ಬಂದರೆ?"

"ಬಂದರೆ ಇದೆಯೆಂದಷ್ಟೇ ಅರ್ಥ. ಎಂದು ಬಂತು, ಯಾರಿಂದ ಬಂತು ಎಂದು ಯಾವ ರಕ್ತಪರೀಕ್ಷೆಯೂ ಹೇಳಲಾರದು. ವರ್ಷಗಟ್ಟಲೆ ಸದ್ದಿಲ್ಲದೆ ಇರುವ ವೈರಾಣು ಅದು. ನಿನ್ನಲ್ಲಿಯೇ ಇದ್ದು ನಿನಗೇ ತಿಳಿಯದಿರಬಹುದು. ನೀನು ಪರೀಕ್ಷೆ ಮಾಡಿಸಿಕೊಂಡೆಯಾ?"

ಇಲ್ಲವೆಂದು ತಲೆಯಾಡಿಸಿದ. ಅದುವರೆಗೆ ಆ ಯೋಚನೆಯೇ ಆತನಿಗೆ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಬಂದಿರಲಿಲ್ಲ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಆತ ಮಾವನ ಮನೆಗೆ ಹೊರಟ. ಪರೀಕ್ಷೆ ಮುಗಿಯಲಿ, ಫಲಿತಾಂಶ ನೋಡಿಕೊಂಡು ಹೋಗು ಎಂದು ತಾಯಿ ತಡೆದರಂತೆ. "ಫಲಿತಾಂಶ ಬಂದ ಮೇಲೆ ಹೋದರೆ ಹೋದ ಹಾಗಾಗುವುದಿಲ್ಲಮ್ಮಾ," ಎಂದನಂತೆ. ಮೂರು ವಾರಗಳ ತರುವಾಯ ಗಂಡಹೆಂಡಿರಿಬ್ಬರೂ ನಮ್ಮ ಮನೆಗೆ ಬಂದರು. ಇಬ್ಬರೂ ಬಗೆ ಬೇರ್ಪಡಿಸುವ ಪರೀಕ್ಷೆ ಮಾಡಿಸಿಕೊಂಡಿದ್ದರು. ಇಬ್ಬರಲ್ಲಿಯೂ ಇದ್ದುದು ಜಗತ್ತಿನ ಬಹುಪಾಲು ಜನರಲ್ಲಿರುವ ಆ ಮೊದಲನೆಯ ಬಗೆ ಮಾತ್ರ, ಎರಡನೆಯದು ಇರಲಿಲ್ಲ.

ಹುಡುಗಿ ನನ್ನಾಕೆಯೊಡನೆ ಒಳಗೆ ಮಾತನಾಡುತ್ತಿದ್ದಳು. ಆಕೆ ಇನ್ನೂ ಹೆಚ್ಚು ನಗುತ್ತಿರಲಿಲ್ಲ. ರಕ್ತದ ಸಂದೇಹವನ್ನು ಎರಡನೆಯ ಪರೀಕ್ಷೆ ತೊಡೆದೀತು. ಮನಸ್ಸಿಗೆ ಬಿದ್ದ ಗೀರು ಮಾಯಲು ದಿನ ಹಿಡಿಯುತ್ತದೆ. ಅಂಥ ವರದಿ ನಮ್ಮ ಕೈಗೆ ಬಂದ ದಿನ, ಅದನ್ನು ಹಿಡಿದು ಮೊದಲು ವೈದ್ಯರ ಬಳಿಗೆ ಹೋಗೋಣ, ಜೊತೆಯಾಗಿಯೇ ಹೋಗೋಣ.