ನಳದ ಪೈಪಿಗೆ ಟ್ಯೂಬಿನ ಪಟ್ಟಿ ಎಷ್ಟು ದಿನ?

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಅರ್ಧ ಶತಮಾನ ದಾಟಿತು. ಅಲ್ಲಿಯ ನೀರು ಹುಬ್ಬಳ್ಳಿ-ಧಾರವಾಡದ ತನಕ ಹೋಗುತ್ತದೆ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಎಷ್ಟೋ ಓಣಿಗಳಲ್ಲಿ ನೀರು ಬಿಟ್ಟ ಕೂಡಲೆ ಮನೆಯ ಕೊಡಕ್ಕಿಂತ ಮೊದಲು ರಸ್ತೆಯ ತಗ್ಗು ತುಂಬುತ್ತದೆ!

ಕಾರಣ ನೆಲದೊಳಗಿದೆ. ದೊಡ್ಡ ಪೈಪಿನಿಂದ ಮನೆಗೆ ಎಳೆದ ಹಳೆಯ ಕಬ್ಬಿಣದ ಪೈಪು ತುಕ್ಕು ತಿಂದು ತೂತು ಬೀಳುತ್ತದೆ. ಈ ಸೀಮೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಈ ಎಳೆದಾಟದಲ್ಲಿ ಪೈಪಿನ ಜೋಡಣೆ ಸಡಿಲಾಗುತ್ತದೆ. ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಭಾರ ಬೇರೆ. ಸೋರತೊಡಗಿದರೆ ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದು, ಮಣ್ಣು ಎಳೆಯುವುದೇ ರಿಪೇರಿ. ‘ಸದ್ಯಕ್ಕ ನಡೀತೈತಿ ಬಿಡ್ರಿ’ ಎಂದರೆ ಮುಗಿಯಿತು.

ನಿಮಿಷಕ್ಕೆ ಒಂದು ಲೀಟರ್ ಸೋರಿದರೂ ಎರಡು ತಾಸಿನಲ್ಲಿ 120 ಲೀಟರ್ ಮಣ್ಣುಪಾಲು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಹಿಡಿದ ಲೆಕ್ಕ 55 ಲೀಟರ್. ಅಂದರೆ ಒಂದು ತೂತು ಇಬ್ಬರ ಪಾಲಿನ ನೀರು ಕುಡಿಯುತ್ತದೆ.

ನೀರು ಹೋದರೆ ಹೋಗಲಿ ಎನ್ನುವವರೂ ಇದನ್ನು ಕೇಳಬೇಕು. ಸರದಿ ಮೇಲೆ ನೀರು ಬಿಡುವ ಕಡೆ, ನೀರು ನಿಂತಾಗ ಪೈಪು ಬರಿದಾಗುತ್ತದೆ. ಆಗ ಅದೇ ತೂತು ಹೊರಗಿನ ಗಟಾರದ ಹೊಲಸನ್ನು ಒಳಗೆ ಎಳೆಯುತ್ತದೆ. ಮರುಸರದಿಗೆ ಆ ಹೊಲಸೇ ಮೊದಲು ನಳಕ್ಕೆ ಬರುತ್ತದೆ. ಕಲುಷಿತ ನೀರು ಏನು ಮಾಡುತ್ತದೆಂಬುದನ್ನು 2022ರ ಅಕ್ಟೋಬರಿನಲ್ಲಿ ರಾಮದುರ್ಗ ತಾಲೂಕಿನ ಮುದೇನೂರು ಕಂಡಿದೆ. ಅಲ್ಲಿ ಜನ ಪ್ರಾಣ ಕಳಕೊಂಡರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು.

ದಾರಿ ಇಲ್ಲವೆಂದಲ್ಲ. 2008ರಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಂತು. ಅದಕ್ಕೆ ಮೊದಲು ಬೀದಿಯ ಪೈಪಿನ ಜೊತೆಗೆ ಮನೆಮನೆಯ ಪೈಪನ್ನೂ ಹೊಸದಾಗಿ ಹಾಕಲಾಗಿತ್ತು. ಹುಬ್ಬಳ್ಳಿ-ಧಾರವಾಡದ ಆ ವಾರ್ಡುಗಳ ನಳದ ನೀರನ್ನು ಸಂಶೋಧಕರು ಪರೀಕ್ಷಿಸಿದಾಗ, ಸರದಿ ನೀರಿಗಿಂತ ಅದರಲ್ಲಿ ಹೊಲಸು ಬಹಳ ಕಡಿಮೆ ಇತ್ತು.

ಮನೆಯವರು ಮಾಡಬೇಕಾದದ್ದಿಷ್ಟು: ನೀರು ಬಿಟ್ಟಾಗ ಎಲ್ಲ ನಳ ಬಂದ್ ಮಾಡಿ ನೋಡಿರಿ. ಮೀಟರು ತಿರುಗುತ್ತಿದ್ದರೆ, ಅಂಗಳದ ನೆಲ ಒದ್ದೆಯಾದರೆ ಸೋರಿಕೆ ಇದೆ. ಮೊದಲ ಕೊಡ ರಾಡಿ ಬಂದರೆ, ವಾಸನೆ ಹೊಡೆದರೆ ಆ ನೀರು ಕುಡಿಯಬಾರದು. ಹಳೆ ಪೈಪಿಗೆ ಪಟ್ಟಿ ಸುತ್ತದೆ ಹೊಸ ಎಚ್.ಡಿ.ಪಿ.ಇ. ಪೈಪು ಹಾಕಿಸಿರಿ, ಗಟಾರದಿಂದ ದೂರ ಒಯ್ಯಿರಿ.

ಆದರೆ ರಸ್ತೆ ಅಗೆಯುವ ಪರವಾನಗಿಗೆ ಬಡವ ವಾರಗಟ್ಟಲೆ ಅಲೆಯುವಂತಾದರೆ ಟ್ಯೂಬೇ ಗತಿ. ‘ದೊಡ್ಡ ಪೈಪು ನಮ್ಮದು, ಮನೆ ಪೈಪು ನಿಮ್ಮದು’ ಎಂದು ಕೈ ತೊಳೆದುಕೊಂಡರೆ ಆಗದು. ಒಬ್ಬನ ಮನೆಯ ತೂತಿನ ಹೊಲಸು ಇಡೀ ಓಣಿಗೆ ಹರಿಯಬಲ್ಲದು. ನಾಲ್ಕೂ ಊರಿನ ಸ್ಥಳೀಯ ಸಂಸ್ಥೆಗಳು ಓಣಿವಾರು ಹಳೆಯ ಪೈಪು ಎಣಿಸಲಿ, ಒಮ್ಮೆಗೇ ಬದಲಿಸಲಿ, ಬಡವರ ಖರ್ಚನ್ನು ನೀರಿನ ಬಿಲ್ಲಿನೊಂದಿಗೆ ಕಂತಿನಲ್ಲಿ ವಸೂಲು ಮಾಡಲಿ. ಸಂಬಂಧಪಟ್ಟವರು ಎಚ್ಚರಾಗಲು ಇನ್ನೊಂದು ಮುದೇನೂರು ಆಗಬೇಕೇ?